ಚೆಪ್‌ಸ್ಟೋ ಕೋಟೆ: ಮಾರ್ಷಲನನ್ನು ಹುಡುಕಿಕೊಂಡು ಹೋಗುವವರಿಗೆ

ವೇಲ್ಸ್‌ನ ಚೆಪ್‌ಸ್ಟೋ ಕೋಟೆಗೆ ಬಹಳಷ್ಟು ಜನ ಹೋಗುವುದು ವೈ ನದಿಯ ಕಡಿಬಂಡೆಯ ಮೇಲೆ ಉದ್ದಕ್ಕೆ ಹಬ್ಬಿದ ಗೋಡೆಗಳ ನೋಟಕ್ಕಾಗಿ. ಆ ನೋಟಕ್ಕೆ ಟಿಕೆಟ್ಟೇ ಬೇಡ. 1816ರ ಕಬ್ಬಿಣದ ಸೇತುವೆ ದಾಟಿ ಇಂಗ್ಲೆಂಡಿನ ದಡದಲ್ಲಿ ನಿಂತರೆ ಪೂರ್ತಿ ಕಾಣುತ್ತದೆ. ಟಿಕೆಟ್ ಕೊಂಡು ಒಳಗೆ ಹೋಗಬೇಕಾದ್ದು ಮಧ್ಯಯುಗದ ಇಂಗ್ಲೆಂಡಿನ ಯೋಧ ವಿಲಿಯಂ ಮಾರ್ಷಲನಿಗಾಗಿ.

ಯಾರು ಈತ ಎಂಬುದನ್ನು ತಿಳಿದುಕೊಂಡೇ ಹೋಗಿ. ಇಲ್ಲದಿದ್ದರೆ ಕಲ್ಲಿನ ರಾಶಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಾರ್ಷಲ್ ಎಂದರೆ ಮೂಲದಲ್ಲಿ ಅರಮನೆಯ ಕುದುರೆಗಳ ಉಸ್ತುವಾರಿ. ನಮ್ಮ ಶಾಸನಗಳಲ್ಲಿ ಬರುವ ‘ಸಾಹಣಿ’ಗೆ ಹತ್ತಿರದ ಹುದ್ದೆ. ಅದು ಇವನ ಮನೆತನದ ಹುದ್ದೆಯೇ ಆದರೂ ಇವನು ಹಿರಿಯ ಮಗನಲ್ಲ, ಪಾಲಿಗೆ ಆಸ್ತಿಯಿಲ್ಲ. ನಾರ್ಮಂಡಿಯ ಟಾಂಕರ್‌ವಿಲ್‌ನಲ್ಲಿ ಶಸ್ತ್ರವಿದ್ಯೆ ಕಲಿತ. ಟೂರ್ನಮೆಂಟು ಎಂಬ ಅಣಕು ಕಾಳಗದ ಪಂದ್ಯಗಳಲ್ಲಿ ಎದುರಾಳಿಗಳನ್ನು ಸೆರೆಹಿಡಿದು, ಬಿಡುಗಡೆಯ ಹಣ ವಸೂಲಿ ಮಾಡಿ ಬದುಕಿದ. 1189ರಲ್ಲಿ ಲೆ ಮಾನ್ಸ್ ಬಳಿ, ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯನ್ನು ಅಟ್ಟಿಸಿಕೊಂಡು ಬಂದ ಅವನದೇ ಮಗ ರಿಚರ್ಡನಿಗೆ ಅಡ್ಡ ನಿಂತು, ರಿಚರ್ಡನ ಕುದುರೆಯನ್ನು ಈಟಿಯಿಂದ ಕೊಂದ. ಕೆಲವೇ ವಾರಗಳಲ್ಲಿ ಅದೇ ರಿಚರ್ಡ್ ರಾಜನಾದ. ಶಿಕ್ಷೆ ಕೊಡಲಿಲ್ಲ, ಇಸಾಬೆಲ್ ಡಿ ಕ್ಲೇರ್ ಎಂಬ ದೊಡ್ಡ ಉತ್ತರಾಧಿಕಾರಿಣಿಯನ್ನು ಮದುವೆ ಮಾಡಿಕೊಟ್ಟ. ಚೆಪ್‌ಸ್ಟೋ ಮಾರ್ಷಲನ ಕೈಗೆ ಬಂದದ್ದು ಆ ಮದುವೆಯಿಂದ.

ಒಳಗೆ ಮೊದಲು ನೋಡಬೇಕಾದ್ದು ಬಾಗಿಲು. 1962ರವರೆಗೂ ಮುಖ್ಯ ದ್ವಾರದಲ್ಲೇ ತೂಗಾಡುತ್ತಿದ್ದ ಓಕ್ ಮರದ ಜೋಡಿ ಬಾಗಿಲುಗಳು ಈಗ ಕೋಟೆಯೊಳಗೆ ಸೂರಿನಡಿ ಇವೆ. ಮರದ ಬೆಳವಣಿಗೆ ಉಂಗುರಗಳ ಲೆಕ್ಕದ ಪ್ರಕಾರ ಇವು 1190ರ ದಶಕಕ್ಕಿಂತ ಈಚಿನವಲ್ಲ. ಯೂರೋಪಿನ ಅತಿ ಹಳೆಯ ಕೋಟೆ ಬಾಗಿಲುಗಳೆಂದು ಹೆಸರು. ಮುಂಭಾಗ ನೋಡಿ ಮುಂದೆ ಹೋಗುವವರೇ ಜಾಸ್ತಿ, ಆದರೆ ಕಸುಬು ಇರುವುದು ಹಿಂಭಾಗದಲ್ಲಿ. ಹೊರಮೈಗೆ ಬೆಂಕಿ, ಕೊಡಲಿ ತಡೆಯುವ ಕಬ್ಬಿಣದ ತಗಡು; ಒಳಮೈಗೆ ಹಲಗೆ ಬಾಗದಂತೆ ಬಿಗಿಹಿಡಿಯುವ ಅಡ್ಡ-ಉದ್ದ ಪಟ್ಟಿಗಳ ಜಾಲರಿ ಚೌಕಟ್ಟು. ಹತ್ತು ನಿಮಿಷ ಇಲ್ಲೇ ಕಳೆಯಿರಿ.

ಆಮೇಲೆ ದ್ವಾರಕ್ಕೆ ವಾಪಸ್ ಬಂದು ಇಕ್ಕೆಲದ ದುಂಡು ಬುರುಜುಗಳನ್ನು ನೋಡಿ. ಚೌಕ ಬುರುಜಿನ ಮೂಲೆಯ ಬುಡಕ್ಕೆ ಸುರಂಗ ತೋಡಿದರೆ ಮೂಲೆ ಕುಸಿಯುತ್ತದೆ, ಒಳಗಿನ ಬಿಲ್ಲುಗಾರನಿಗೆ ಆ ಮೂಲೆಯ ಆಚೆ ಕಾಣುವುದೂ ಇಲ್ಲ. ದುಂಡು ಬುರುಜಿಗೆ ಎರಡೂ ತೊಂದರೆ ಕಡಿಮೆ. ಬ್ರಿಟನ್ನಿನಲ್ಲಿ ಇಂಥ ಜೋಡಿ ಬುರುಜಿನ ದ್ವಾರಗಳಲ್ಲಿ ಇದು ಬಹಳ ಮೊದಲಿನದು. ವರ್ಷಗಟ್ಟಲೆ ಫ್ರಾನ್ಸಿನಲ್ಲಿ ಕಾದಾಡಿದ ಮಾರ್ಷಲನ ಅನುಭವ ಇದರಲ್ಲಿ ಕಾಣುತ್ತದೆ.

ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಕಂಡದ್ದೆಲ್ಲ ಮಾರ್ಷಲನದೇ ಎಂದುಕೊಳ್ಳುವುದು. ಕೋಟೆ ಶುರುವಾದದ್ದು 1067ರಲ್ಲಿ, ನಾರ್ಮನ್ ಸರದಾರ ವಿಲಿಯಂ ಫಿಟ್ಸ್‌ಓಸ್ಬರ್ನ್ ಕೈಯಲ್ಲಿ. ಗೋಡೆಯಲ್ಲಿ ರೋಮನ್ ಇಟ್ಟಿಗೆಯ ಕೆಂಪು ಪಟ್ಟಿಯಿರುವ ಗ್ರೇಟ್ ಟವರ್ 11ನೇ ಶತಮಾನದ್ದು; ಅದರ ಒಂದು ಭಾಗದ ಮೇಲೆ ಮಹಡಿ ಏರಿಸಿದವರು ಮಾರ್ಷಲನ ಮಕ್ಕಳು. ಕೆಳ ಅಂಗಳದ ನದಿ ಬದಿಯ ಹಜಾರ, ಅಡುಗೆಮನೆ, ದೋಣಿಯಿಂದ ಸಾಮಾನು ಮೇಲೆತ್ತುತ್ತಿದ್ದ ನೆಲಮಾಳಿಗೆ 13ನೇ ಶತಮಾನದ ಕೊನೆಯ ರೋಜರ್ ಬಿಗೋಡ್‌ನವು. ಅವನು ಮಾರ್ಷಲನ ಹಿರಿಮಗಳ ವಂಶದವನು. ಮಾರ್ಷಲನ ಐವರು ಗಂಡುಮಕ್ಕಳೂ ವಾರಸುದಾರರಿಲ್ಲದೆ ಸತ್ತು, 1245ಕ್ಕೆ ಗಂಡು ಸಂತತಿ ಮುಗಿದಿತ್ತು. ಊಟದ ಹಜಾರ, ಬಂಡೆಯಂಚಿನ ಪಾಯಿಖಾನೆ ನೋಡಲು ಮಜವಾಗಿವೆ, ಆದರೆ ಅವನ್ನು ಮಾರ್ಷಲನ ಲೆಕ್ಕಕ್ಕೆ ಬರೆಯಬೇಡಿ.

ಎರಡು ಗಂಟೆ ಇಟ್ಟುಕೊಳ್ಳಿ. ರೈಲು ನಿಲ್ದಾಣದಿಂದ ನಡೆದೇ ಬರಬಹುದು. ಗ್ಲೌಸ್ಟರ್–ಕಾರ್ಡಿಫ್ ಮಾರ್ಗದ ರೈಲು ಹಿಡಿಯಬೇಕು. ಅಂಗಳಗಳು ಒಂದರ ಹಿಂದೊಂದು ಏರಿಕೊಂಡು ಹೋಗುತ್ತವೆ. ಮಳೆಯಲ್ಲಿ ಕಲ್ಲು ಜಾರುತ್ತದೆ, ಗ್ರೇಟ್ ಟವರಿಗೆ ಸೂರಿಲ್ಲ, ಗಾಲಿಕುರ್ಚಿಯವರಿಗೆ ಮೇಲಿನ ಅಂಗಳಗಳು ಕಷ್ಟ. ಚಳಿಗಾಲದಲ್ಲಿ ಬೇಗ ಮುಚ್ಚುವುದರಿಂದ ಕೊನೆಯ ಪ್ರವೇಶದ ಹೊತ್ತನ್ನು, ಕೋಟೆಯನ್ನು ನೋಡಿಕೊಳ್ಳುವ ‘ಕೇಡೂ’ (Cadw) ಎಂಬ ವೇಲ್ಸ್ ಸರಕಾರದ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಐದಕ್ಕೆ ನಾಲ್ಕು ಅಂಕ. ಆ ಒಂದು ಅಂಕ ಕಳೆದದ್ದು, 1217ರ ಲಿಂಕನ್ ಕದನದಲ್ಲಿ ಎಪ್ಪತ್ತರ ಆಸುಪಾಸಿನಲ್ಲಿ ಕುದುರೆಯೇರಿ ಮುನ್ನುಗ್ಗಿದ, ಬಾಲಕ ಮೂರನೇ ಹೆನ್ರಿಯ ಪರವಾಗಿ ರಾಜ್ಯವಾಳಿ, ರಾಜನ ಅಧಿಕಾರಕ್ಕೆ ಮಿತಿ ಹಾಕುವ ಸನ್ನದು ಮ್ಯಾಗ್ನಾ ಕಾರ್ಟಾವನ್ನು ಮತ್ತೆ ಹೊರಡಿಸಿದ ಆ ಮುದುಕ ಈ ಗೋಡೆಗಳಲ್ಲಿ ಸಿಗುವುದಿಲ್ಲ ಎಂಬುದಕ್ಕೆ.

ಅವನಿಗಾಗಿ ಲಂಡನ್ನಿನ ಟೆಂಪಲ್ ಚರ್ಚಿಗೆ ಹೋಗಬೇಕು. 1219ರಲ್ಲಿ ಸತ್ತ ಮಾರ್ಷಲನನ್ನು ಹೂಳಿದ್ದು ಅಲ್ಲಿ. ದುಂಡು ಭಾಗದ ನೆಲದ ಮೇಲೆ ಅವನದೆನ್ನುವ ಕಲ್ಲಿನ ಪ್ರತಿಮೆ ಮಲಗಿದೆ. 1941ರ ಬಾಂಬ್ ದಾಳಿಯ ಬೆಂಕಿಯಲ್ಲಿ ಅಲ್ಲಿನ ಪ್ರತಿಮೆಗಳು ಹಾಳಾದವು, ಮುಖದ ವಿವರ ನಿರೀಕ್ಷಿಸಬೇಡಿ. ಈಗಲೂ ಪೂಜೆ ನಡೆಯುವ ಚರ್ಚು, ಪ್ರವಾಸಿಗರಿಗೆ ತೆರೆಯುವ ಹೊತ್ತು ಬದಲಾಗುತ್ತಿರುತ್ತದೆ. ಹಿಂದಿನ ದಿನವೇ ವಿಚಾರಿಸಿಕೊಳ್ಳಿ.