ಟರಾಂಟುಲಾ "ಬ್ರೀಡಿಂಗ್ ಜೋಡಿ" ಕೊಳ್ಳುವವರೇ, ಪೊರೆ ನೋಡದೆ ದುಡ್ಡು ಕೊಡಬೇಡಿ

ಬೀದರ್ ಕಡೆಯ ಒಬ್ಬ "ಮೆಕ್ಸಿಕನ್ ರೆಡ್ ನೀ, ಬ್ರೀಡಿಂಗ್ ಜೋಡಿ, ಗ್ಯಾರಂಟಿ" ಅಂತ ಟರಾಂಟುಲಾ (ರೋಮದ ದೊಡ್ಡ ಜೇಡ) ಮಾರುತ್ತಿದ್ದಾನೆ. ದಯವಿಟ್ಟು ತಗೋಬೇಡಿ. ನನಗೆ ಕೊಟ್ಟಿದ್ದು ಎರಡೂ ಗಂಡು. ಹೌದು, ಎರಡೂ!

ಅವನ ಮಾತು ಕೇಳಿದರೆ ಯಾರಾದರೂ ನಂಬುತ್ತಾರೆ. ಈ ಜೇಡದ ತವರು ಮೆಕ್ಸಿಕೋದ ಪೆಸಿಫಿಕ್ ಕರಾವಳಿ ಕಡೆ. ಅಲ್ಲೂ ನಮ್ಮ ಹಾಗೇ ಜೂನ್‌ನಿಂದ ಮಳೆ, ಚಳಿಗಾಲ ಒಣ. "ಡಿಸೆಂಬರ್ ಚಳಿಯಾಗ ಜೋಡಿ ಬಿಡ್ರಿ, ಬ್ಯಾಸಗಿಗೆ ತತ್ತಿ ಚೀಲ ಕಟ್ತದ" ಅಂದ. ಋತುವಿನ ವಿಷಯ ಸುಳ್ಳಲ್ಲ. ಆ ನಿಜವನ್ನು ಮುಂದಿಟ್ಟುಕೊಂಡೇ ಮೋಸ ಮಾಡಿದ.

ಜೋಡಿ ಬಿಟ್ಟೆ. "ಹೆಣ್ಣು" ಮೇಲೆ ನುಗ್ಗಿತು, ಗಂಡು ಓಡಿತು. ಕೇಳಿದರೆ "ಚಳಿ ಸಾಲಂಗಿಲ್ರಿ". ಜನವರಿಯಲ್ಲಿ "ಚಳಿ ಜಾಸ್ತಿ ಆಗೇದ". ಮಾರ್ಚ್‌ನಲ್ಲಿ "ಹವಾ ಒಣಗೇದ, ನೀರು ಹೊಡೀರಿ". ಯಾವಾಗ ಕೇಳಿದರೂ ಹವಾಮಾನದ್ದೇ ತಪ್ಪು!

ಏಪ್ರಿಲ್‌ನಲ್ಲಿ ಕಲಬುರಗಿ 40 ಡಿಗ್ರಿ ದಾಟಿತ್ತು. ಕರೆಂಟ್ ಇಲ್ಲ. ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದ್ದೆವು. ಆ "ಹೆಣ್ಣು" ಬೆನ್ನ ಮೇಲೆ ಮಲಗಿ ಪೊರೆ ಬಿಡಲು ಶುರು ಮಾಡಿತು. ಮನೆಯವರನ್ನೆಲ್ಲ ಕರೆದೆ. ಹೊರಬಂದದ್ದು ನೋಡಿ ನನ್ನ ಕೈ ನಡುಗಿತು. ಮುಂಗಾಲಲ್ಲಿ ಕೊಕ್ಕೆ. ಬಾಯಿ ಪಕ್ಕದ ಪುಟ್ಟ ಕಾಲುಗಳ ತುದಿ ಉಬ್ಬಿ ಗುಂಡಗಾಗಿದೆ. ಪ್ರಾಯಕ್ಕೆ ಬಂದ ಗಂಡಿನ ಗುರುತು ಇವು. ಮರಿ ಆಗ್ತವೆ ಅಂತ ಊರೆಲ್ಲ ಹೇಳಿದ್ದೆ. ಎಲ್ಲರೆದುರು ಮುಖ ಎಲ್ಲಿಡಲಿ ಹೇಳಿ?

ಫೋಟೋ ಕಳಿಸಿದೆ. ಅವನ ಉತ್ತರ ಹೀಗಿತ್ತು: "ನಿಮ್ಮ ಕಲಬುರಗಿ ಬಿಸಲಿಗೆ ಹಿಂಗಾಗ್ತದ್ರಿ ಅಣ್ಣ."

ಬಿಸಿಲಿಗೆ ಹೆಣ್ಣು ಗಂಡಾಗುತ್ತದಾ? ಬಿಸಿಲು ಜೇಡವನ್ನು ಸಾಯಿಸಬಹುದು. ಹೆಣ್ಣನ್ನು ಗಂಡು ಮಾಡಲ್ಲ. ಇದನ್ನೇ ಬರೆದೆ. "ಜೀವ ಇರೋ ಮಾಲಿಗೆ ವಾಪಸ್ ಇಲ್ರಿ" ಅಂದ. ಆಮೇಲೆ, ಕೇಳಿ, "ಇನ್ನೊಂದು ಹೆಣ್ಣದ, ಅರ್ಧ ರೇಟಿಗೆ ಕೊಡ್ತೀನಿ" ಅಂದ! ಓದಿ ಮೈಯೆಲ್ಲ ಉರಿಯಿತು.

ಹೆಣ್ಣು 20 ವರ್ಷ ದಾಟಿ ಬದುಕುತ್ತದೆ. ಪ್ರಾಯಕ್ಕೆ ಬಂದ ಗಂಡು ಒಂದೆರಡು ವರ್ಷ ಇದ್ದರೆ ಹೆಚ್ಚು. ಅದಕ್ಕೇ ಹೆಣ್ಣಿಗೆ ಅಷ್ಟು ರೇಟು. ಆ ರೇಟು ನನ್ನಿಂದ ಪೂರ್ತಿ ಕಿತ್ತುಕೊಂಡ. ಹಳೇ ಗಂಡು ಈಗ ತಿನ್ನುವುದನ್ನೇ ಬಿಟ್ಟಿದೆ, ಪಾಪ.

ಪೊರೆ ಕೇಳಿ. ಫೋಟೋ ಅಲ್ಲ, ಪೊರೆ. ಹೆಣ್ಣಾದರೆ ಅದರ ಒಳಭಾಗದಲ್ಲಿ, ಮುಂದಿನ ಜೋಡಿ ಶ್ವಾಸಕೋಶದ ಗುರುತುಗಳ ನಡುವೆ, ವೀರ್ಯ ಕೂಡಿಡುವ ಚೀಲ ಕಾಣುತ್ತದೆ. ನಾನು ಪೊರೆ ಕೇಳಿದಾಗ "ಬಿಸಾಕೀವ್ರಿ" ಅಂದಿದ್ದ. ಕಾಗದಪತ್ರವನ್ನೂ ಮೊದಲೇ ತಗೊಳ್ಳಿ. ಈ ಜೇಡ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ನೋಂದಣಿ ಬೇಕೇ ಬೇಕು. "ಹಿಂದಿಂದ ಕಳಸ್ತೀನಿ" ಅಂದವನು ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.

ಯಾದಗಿರಿಯವರು ಮುಖ್ಯವಾಗಿ ನೋಡಿ. ಬೇರೆ ನಂಬರಿನಿಂದ "ಮಳೆ ಸೀಸನ್ ಆಫರ್" ಅಂತ ಅಲ್ಲಿ ಜಾಹೀರಾತು ಹಾಕಿದ್ದಾನೆ. ನನಗೆ ಹೆಣ್ಣು ಅಂತ ಕಳಿಸಿದ್ದ ಫೋಟೋನೇ ಅದರಲ್ಲೂ ಇದೆ.