ಅರ್ಧ ಬೆಲೆಗೆ ಸಿಗುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಳ್ಳುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಮಕ್ಕಳು 11 ಅಥವಾ 12ನೇ ತರಗತಿಗೆ ಬಂದಿದ್ದಾರೆ, ಆನ್‌ಲೈನ್‌ನಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಹುಡುಕುತ್ತಿದ್ದೀರಿ ಅಂದರೆ ಸ್ವಲ್ಪ ತಡೆಯಿರಿ. ಕ್ಯಾಸಿಯೋ ಹೆಸರು ಹಾಕಿಕೊಂಡ ನಕಲಿ ಮಾಲು ಓಡಾಡುತ್ತಿದೆ. ನಮ್ಮ ಮನೆಗೂ ಒಂದು ಬಂತು. ಅದು ನಕಲಿ ಅಂತ ಗೊತ್ತಾಗುವಷ್ಟರಲ್ಲಿ ಹುಡುಗಿಯ ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ತಪ್ಪು ಉತ್ತರ ಸೇರಿಹೋಗಿತ್ತು.

ನನ್ನ ಅಕ್ಕನ ಮಗಳು ಐಎಸ್‌ಸಿ (ಸಿಐಎಸ್‌ಸಿಇ ಎಂಬ ಕೌನ್ಸಿಲ್ ನಡೆಸುವ 11–12ನೇ ತರಗತಿ) ಓದುತ್ತಿದ್ದಾಳೆ. ಐಎಸ್‌ಸಿಯಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗೆ ಅನುಮತಿ ಇದೆ. ಕೌನ್ಸಿಲ್ ಹೆಸರಿಸುವ ಮಾದರಿ ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್. ಶಾಲೆಯವರೂ ಅದನ್ನೇ ತನ್ನಿ ಅಂದಿದ್ದರು. ಭಾವ ಸ್ಟೇಷನರಿ ಅಂಗಡಿಯಲ್ಲಿ ಬೆಲೆ ವಿಚಾರಿಸಿ ಬಂದು ಫೋನಿನಲ್ಲಿ ನೋಡಿದರೆ ಅದೇ ಫೋಟೋ, ಅದೇ ಹೆಸರು, ಅರ್ಧಕ್ಕರ್ಧ ಬೆಲೆ. ಮೇಲೆ ಒಳ್ಳೊಳ್ಳೆ ರಿವ್ಯೂ ಬೇರೆ. ಯಾರಾದರೂ ಆರ್ಡರ್ ಮಾಡುತ್ತಾರೆ, ಅಲ್ವಾ?

ನಕಲಿ ಅಂದರೆ ಲೆಕ್ಕವನ್ನೇ ತಪ್ಪಾಗಿ ಮಾಡುತ್ತದೆ ಅಂದುಕೊಳ್ಳಬೇಡಿ. ಹಾಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಇದು ಕೂಡುವುದು, ಕಳೆಯುವುದು, ಸೈನ್, ಲಾಗ್ ಎಲ್ಲವನ್ನೂ ಸರಿಯಾಗಿಯೇ ತೋರಿಸುತ್ತಿತ್ತು. ತೊಂದರೆ ಇದ್ದದ್ದು ಕೀಗಳಲ್ಲಿ. ಸ್ವಲ್ಪ ದಿನ ಬಳಸಿದ ಮೇಲೆ ಕೆಲವು ಕೀಗಳು ಒಂದು ಸಲ ಒತ್ತಿದರೆ ಎರಡು ಸಲ ಬೀಳಲು ಶುರುವಾದವು. ಅದೂ ಯಾವಾಗಲೂ ಅಲ್ಲ, ಒಮ್ಮೊಮ್ಮೆ. ಪರದೆಯೂ ಮಂಕು. ನೇರವಾಗಿ ಮೇಲಿನಿಂದ ನೋಡಿದರೆ ಮಾತ್ರ ಅಂಕಿ ಕಾಣುತ್ತಿತ್ತು.

ಪ್ರಿಸಂ ಪ್ರಯೋಗದಲ್ಲಿ ಇದರ ಬಣ್ಣ ಬಯಲಾಯಿತು. ಪ್ರಿಸಂ ಕೋನ 60 ಡಿಗ್ರಿ, ಕನಿಷ್ಠ ವಿಚಲನೆ (ಬೆಳಕು ಬಾಗುವ ಅತಿ ಕಡಿಮೆ ಕೋನ) 38 ಡಿಗ್ರಿ ಬಂದಿತ್ತು. ಎರಡನ್ನೂ ಕೂಡಿ ಅರ್ಧ ಮಾಡಿದರೆ 49. ಪ್ರಿಸಂ ಕೋನದ ಅರ್ಧ 30. ಸೈನ್ 49 ಅನ್ನು ಸೈನ್ 30ರಿಂದ ಭಾಗಿಸಿದರೆ ಗಾಜಿನ ವಕ್ರೀಭವನ ಸೂಚ್ಯಂಕ (ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.51 ಬರಬೇಕು. ಇವಳಿಗೆ ಬಂದದ್ದು 1.31. ನೀರಿನದೇ 1.33 ಇರುವಾಗ ಗಾಜಿನದು ಅದಕ್ಕಿಂತ ಕಡಿಮೆ! ಮೇಡಂ ರೆಕಾರ್ಡ್ ನೋಡಿ, ‘ಇದೆಂಥ ಪ್ರಿಸಂ ಮ್ಮಾ, ಐಸ್‌ನಲ್ಲಿ ಮಾಡಿದ್ದಾ?’ ಅಂದರಂತೆ. ಮನೆಗೆ ಬಂದು ಕೂತು ಹುಡುಕಿದಾಗ ತಿಳಿಯಿತು, 9 ಎರಡು ಸಲ ಬಿದ್ದು 49ರ ಬದಲು 499 ಆಗಿತ್ತು. ಸೈನ್ 499 ಕೂಡ ಒಂದಕ್ಕಿಂತ ಕಡಿಮೆಯೇ, ಆದ್ದರಿಂದ ಉತ್ತರ ತೀರಾ ವಿಚಿತ್ರವಾಗಿ ಕಾಣಲಿಲ್ಲ. ನನಗೆ ಹೆದರಿಕೆ ಆದದ್ದು ಇದಕ್ಕೇ. ಉತ್ತರ ಒಂದು ಕೋಟಿ ಅಂತ ಬಂದಿದ್ದರೆ ಯಾರಾದರೂ ಅನುಮಾನ ಪಡುತ್ತಾರೆ. 1.31 ಬಂದರೆ ಬರೆದುಕೊಂಡು ಮುಂದೆ ಹೋಗುತ್ತಾರೆ.

ಆಮೇಲೆ ಡಬ್ಬವನ್ನು ಸರಿಯಾಗಿ ನೋಡಿದೆ. ಕ್ಯಾಲ್ಕುಲೇಟರ್ ಮೇಲೆ ‘ಟೂ ವೇ ಪವರ್’ (ಅಂದರೆ ಸೋಲಾರ್, ಬ್ಯಾಟರಿ ಎರಡರಲ್ಲೂ ಓಡುತ್ತದೆ) ಅಂತ ಬರೆದು ಸೋಲಾರ್ ಪಟ್ಟಿಯ ಹಾಗೆ ಕಾಣುವ ಒಂದು ಕಪ್ಪು ಗಾಜಿನ ಪಟ್ಟಿ ಅಂಟಿಸಿದ್ದರು. ಅಸಲಿ 82ಎಂಎಸ್‌ಗೆ ಸೋಲಾರ್ ಇಲ್ಲವೇ ಇಲ್ಲ! ಅದು ಬ್ಯಾಟರಿಯಲ್ಲಿ ಮಾತ್ರ ಓಡುತ್ತದೆ. ಸೋಲಾರ್ ಇರುವುದು ಕ್ಯಾಸಿಯೋ ಎಫ್‌ಎಕ್ಸ್-991 ಸಾಲಿನಂಥ ಮಾದರಿಗಳಲ್ಲಿ. ಡಬ್ಬದ ಮೇಲೆ 401 ಫಂಕ್ಷನ್ ಅಂತಲೂ ಇತ್ತು. ಅದು 991ಎಂಎಸ್‌ನ ಲೆಕ್ಕ, 82ಎಂಎಸ್‌ನದು 240. ನಕಲಿ ಮಾಡಿದವರು ಎರಡು ಮಾದರಿಯನ್ನು ಬೆರೆಸಿ ಒಂದು ಹೊಸ ತಳಿಯನ್ನೇ ಹುಟ್ಟಿಸಿದ್ದರು.

ಮಾರಿದವರ ಜೊತೆ ಮಾತಾಡಿದ್ದು ಇನ್ನೊಂದು ಗೋಳು. ‘ಬದಲಿ ಕೊಡುತ್ತೇವೆ, ಹಣ ಕೊಡುವುದಿಲ್ಲ’ ಅಂದರು. ಬದಲಿಗೆ ಬಂದದ್ದೂ ಅದೇ ಕಪ್ಪು ಪಟ್ಟಿಯದ್ದು. ಕೊನೆಗೆ ಭಾವ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದರು. ಪೊಟ್ಟಣ ಬಿಚ್ಚುವಾಗ ತೆಗೆದಿದ್ದ ವಿಡಿಯೋ, ಡಬ್ಬದ ಫೋಟೋ, ಬಿಲ್ ಎಲ್ಲ ಇದ್ದದ್ದರಿಂದ ದುಡ್ಡು ವಾಪಸ್ ಬಂತು. ಬಿಚ್ಚುವಾಗ ವಿಡಿಯೋ ಮಾಡುವುದು ಅತಿ ಅನ್ನಿಸಬಹುದು. ಮಾಡಿಡಿ.

ಈಗ ಅವಳ ಹತ್ತಿರ ಇರುವುದು ಅಂಗಡಿಯಲ್ಲಿ ನಿಂತು ಪರೀಕ್ಷಿಸಿ ತಂದದ್ದು. ನೀವೂ ಡಬ್ಬ ಬಿಚ್ಚಿಸಿ ನೋಡಿ. ಬಿಚ್ಚಲು ಒಪ್ಪದ ಅಂಗಡಿಯಲ್ಲಿ ನಾನಂತೂ ತಗೊಳ್ಳುವುದಿಲ್ಲ. 0ಯಿಂದ 9ರ ತನಕ ಪ್ರತಿ ಅಂಕಿಯನ್ನೂ ಒಂದೊಂದೇ ಸಲ ಒತ್ತಿ, ಎರಡಾಗಿ ಬೀಳುತ್ತದಾ ನೋಡಿ. ಡಿಗ್ರಿಯಲ್ಲಿ ಇಟ್ಟು ಸೈನ್ 30 ಒತ್ತಿದರೆ 0.5 ಬರಬೇಕು. ರೇಡಿಯನ್‌ನಲ್ಲಿ (ಕೋನ ಅಳೆಯುವ ಇನ್ನೊಂದು ಮಾನ) ಇದ್ದರೆ ಮೈನಸ್ 0.988 ಬರುತ್ತದೆ, ಅದು ನಕಲಿಯ ಗುರುತಲ್ಲ, ಗಾಬರಿ ಬೇಡ. 69 ಫ್ಯಾಕ್ಟೋರಿಯಲ್‌ಗೆ (1ರಿಂದ 69ರ ತನಕ ಎಲ್ಲ ಗುಣಿಸಿದ್ದು) ಉತ್ತರ ಬರಬೇಕು, 70ಕ್ಕೆ ಸಂಖ್ಯೆ ಯಂತ್ರದ ಮಿತಿ ಮೀರುವುದರಿಂದ ಎರರ್ ತೋರಿಸಬೇಕು. 991ಇಎಸ್ ಪ್ಲಸ್ ತಗೊಳ್ಳುವವರು ಶಿಫ್ಟ್ ಮತ್ತು 7 ಒತ್ತಿ ಹಿಡಿದು ಆನ್ ಒತ್ತಿ. ಅಸಲಿಯಾದರೆ ಡಯಾಗ್ನೋಸ್ಟಿಕ್ ಪರದೆ (ಯಂತ್ರ ತನ್ನನ್ನೇ ಪರೀಕ್ಷಿಸಿಕೊಳ್ಳುವುದು) ತೆರೆಯುತ್ತದೆ.

ಇನ್ನೊಂದು ಮಾತು, ನಕಲಿಗೆ ಸಂಬಂಧವಿಲ್ಲದಿದ್ದರೂ ದುಡ್ಡು ಹೋಗುವುದು ಹೀಗೂ ಉಂಟು. ‘ಮುಂದೆ ಎಂಜಿನಿಯರಿಂಗ್‌ಗೂ ಆಗುತ್ತದೆ’ ಅಂತ ಅಂಗಡಿಯವರು ಸೀದಾ 991 ಕೈಗಿಡುತ್ತಾರೆ. ಅದು ಒಳ್ಳೆಯ ಯಂತ್ರವೇ. ಆದರೆ ಅದು ಮ್ಯಾಟ್ರಿಕ್ಸ್, ಇಂಟಿಗ್ರೇಷನ್ ಎಲ್ಲ ತಾನೇ ಮಾಡುತ್ತದೆ. 82ಎಂಎಸ್ ಮಾಡುವುದಿಲ್ಲ. ಶಾಲೆ 82 ಅಂದಿದ್ದರೆ 991 ಹಿಡಿದುಕೊಂಡು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ವಾದ ಮಾಡುವ ಪಾಡು ಯಾಕೆ? ಸಿಬಿಎಸ್‌ಇ ಮಕ್ಕಳಿಗಂತೂ ಬೋರ್ಡ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕ್ಯಾಲ್ಕುಲೇಟರ್ ಬಿಡುವುದೇ ಇಲ್ಲ. ಕೆಸಿಇಟಿ, ನೀಟ್, ಜೆಇಇ ಮೇನ್‌ನಲ್ಲೂ ಇಲ್ಲ. ಅವುಗಳಿಗೆ ತಯಾರಾಗುವವರು ಕೈಲೆಕ್ಕ ರೂಢಿ ಮಾಡಿಕೊಳ್ಳಲಿ, ಸುಮ್ನೆ ದುಬಾರಿ ಮಾದರಿಗೆ ದುಡ್ಡು ಸುರಿಯಬೇಡಿ. ಮೊದಲು ಶಾಲೆಯಲ್ಲಿ ಮಾದರಿಯ ಹೆಸರು ಕೇಳಿ ಬರೆದುಕೊಳ್ಳಿ. ಬಿಲ್ ಮೇಲೂ ಅದೇ ಹೆಸರನ್ನು ಪೂರ್ತಿಯಾಗಿ ಬರೆಸಿ, ಬರೀ ‘ಕ್ಯಾಲ್ಕುಲೇಟರ್ – 1’ ಅಂತ ಕೊಟ್ಟರೆ ಒಪ್ಪಬೇಡಿ. ದೂರು ಕೊಡುವಾಗ ನಮ್ಮನ್ನು ಮೊದಲು ಕೇಳಿದ್ದೇ ಆ ಬಿಲ್.