ನಾಲ್ಕು ವರ್ಷದಿಂದ ಹೋಗುತ್ತಿರುವ ಬ್ರಂಚ್ ಕೆಫೆ: ಬುಧವಾರ ಒಂದು ಥರ, ಭಾನುವಾರ ಇನ್ನೊಂದು ಥರ

ಈ ಕೆಫೆ ಜಯನಗರದಲ್ಲಿ ನಮ್ಮ ಮನೆಯಿಂದ ಮೂರು ಕ್ರಾಸ್ ಆಚೆ ಇದೆ. 2021ರ ಕೊನೆಯಲ್ಲಿ, ಕೊರೊನಾ ಎರಡನೇ ಅಲೆ ಇಳಿದು ಜನ ಮತ್ತೆ ಹೊರಗೆ ಕೂತು ತಿನ್ನಲು ಶುರು ಮಾಡಿದಾಗ ತೆರೆದರು. ಹಳೇ ಮನೆಯೊಂದನ್ನು ಕೆಡವದೆ ಹಾಗೇ ಉಳಿಸಿಕೊಂಡಿದ್ದಾರೆ. ರೆಡ್ ಆಕ್ಸೈಡ್ ನೆಲ, ಕಬ್ಬಿಣದ ಸರಳಿನ ಕಿಟಕಿ, ಹಿತ್ತಲಲ್ಲಿ ಒಂದು ಸೀಬೆ ಮರ, ಅದರ ಕೆಳಗೆ ನಾಲ್ಕು ಟೇಬಲ್. ಶುರುವಾದ ಮೊದಲ ವಾರದಿಂದ ಹೋಗುತ್ತಿದ್ದೇನೆ. ತಿಂಗಳಿಗೆ ಮೂರು ಸಲವಂತೂ ಹೌದು, ಹೆಚ್ಚಿನ ಸಲ ಅಮ್ಮನ ಜೊತೆ. ಅಮ್ಮನಿಗೆ ಈಗ 71 ವರ್ಷ. ಮೊಟ್ಟೆ ತಿನ್ನುವುದಿಲ್ಲ, ಮಂಡಿ ನೋವಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವ ಬಹಳಷ್ಟು ವಿಷಯ ಇವೆರಡಕ್ಕೇ ಬಂದು ನಿಲ್ಲುತ್ತದೆ. ಕೆಫೆಯ ಹೆಸರು ಹಾಕುತ್ತಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗರಿಗೆ ನನ್ನಿಂದ ತೊಂದರೆ ಆಗುವುದು ಬೇಡ.

ಒಂದೇ ಸಲ ಹೋಗಿ ಬಂದವರು ಬರೆದದ್ದನ್ನು ಓದಿದರೆ ಇವು ಎರಡು ಬೇರೆ ಬೇರೆ ಕೆಫೆ ಅನ್ನಿಸುತ್ತದೆ. ಒಬ್ಬರು ಐದು ಸ್ಟಾರ್ ಕೊಟ್ಟಿರುತ್ತಾರೆ, ಅದರ ಕೆಳಗೇ ಇನ್ನೊಬ್ಬರು ಒಂದೇ ಸ್ಟಾರ್. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಯಾವ ದಿನ ಹೋದಿರಿ, ಎಷ್ಟು ಗಂಟೆಗೆ ಹೋದಿರಿ ಅನ್ನುವುದರ ಮೇಲೆ ಇಲ್ಲಿ ಎಲ್ಲವೂ ನಿಂತಿದೆ.

ಮೊದಲು ಮೊಟ್ಟೆಯ ಬಗ್ಗೆ. ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಹೋಗಿ ಇಲ್ಲಿನ ಎಗ್ಸ್ ಬೆನೆಡಿಕ್ಟ್ ತಿನ್ನಿ. ಕಾದ ನೀರಿಗೆ ಒಡೆದು ಬಿಟ್ಟು ಬೇಯಿಸಿದ ಮೊಟ್ಟೆ, ಬಿಳಿ ಭಾಗ ದುಂಡಗೆ ಕೂಡಿಕೊಂಡಿರುತ್ತದೆ, ಫೋರ್ಕ್ ತಾಗಿಸಿದರೆ ಸಾಕು ಹಳದಿ ಹರಿಯುತ್ತದೆ. ಮೊಟ್ಟೆ ಹಳೆಯದಾಗಿದ್ದರೆ ಬಿಳಿ ಭಾಗ ನೀರಲ್ಲಿ ಎಳೆ ಎಳೆಯಾಗಿ ಹರಡುತ್ತದೆ. ಇಲ್ಲಿ ಹಾಗಾದದ್ದನ್ನು ನಾನು ಕಂಡಿಲ್ಲ, ಅಂದರೆ ಮೊಟ್ಟೆ ತಾಜಾ ತರಿಸುತ್ತಾರೆ. ಮೇಲೆ ಹಾಕುವ ಹಾಲಂಡೇಸ್ ಸಾಸ್ ಮಾಡುವುದು ಮೊಟ್ಟೆಯ ಹಳದಿ, ಕರಗಿಸಿದ ಬೆಣ್ಣೆ, ನಿಂಬೆರಸದಿಂದ. ಅದು ತುಂಬಾ ನಾಜೂಕಿನದು. ಬಿಸಿ ಸ್ವಲ್ಪ ಜಾಸ್ತಿಯಾದರೂ ಹಳದಿ ಗಂಟು ಕಟ್ಟಿ ಬೆಣ್ಣೆ ಬೇರೆಯಾಗುತ್ತದೆ. ತಣ್ಣಗಾದರೆ ಗಟ್ಟಿಯಾಗುತ್ತದೆ. ಆಗಾಗ ಸ್ವಲ್ಪ ಸ್ವಲ್ಪವೇ ಮಾಡಬೇಕು. ವಾರದ ದಿನ ಹಾಗೇ ಮಾಡುತ್ತಾರೆ, ನುಣ್ಣಗೆ ಇರುತ್ತದೆ. ಭಾನುವಾರ ಮಧ್ಯಾಹ್ನ ಒಂದೂವರೆಗೆ ಅದೇ ತಿಂಡಿ ತರಿಸಿದಾಗ ಮೂರು ಸಲದಲ್ಲಿ ಎರಡು ಸಲ ತಟ್ಟೆಯಲ್ಲಿ ಬೆಣ್ಣೆ ಬೇರೆ, ಸಾಸ್ ಬೇರೆ ಆಗಿತ್ತು. ಬೆಳಿಗ್ಗೆ ಮಾಡಿಟ್ಟ ದೊಡ್ಡ ಪಾತ್ರೆಯದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಹೇಳಿದ ಕೂಡಲೇ ಬದಲಾಯಿಸಿ ಕೊಟ್ಟರು. ಆದರೆ ಅಷ್ಟು ಹೊತ್ತಿಗೆ ಜೊತೆಗಿದ್ದವರ ತಿಂಡಿ ಮುಗಿದಿತ್ತು.

ಬ್ರೆಡ್ ಅಲ್ಲೇ ಸುಡುತ್ತಾರೆ. ಸಾರ್‌ಡೋ ಅಂದರೆ ಈಸ್ಟ್ ಹಾಕದೆ ಹಿಟ್ಟನ್ನು ತಾನಾಗಿ ಹುಳಿ ಬರಿಸಿ ಮಾಡುವ ಬ್ರೆಡ್. ನಮ್ಮ ದೋಸೆ ಹಿಟ್ಟಿನ ಹಾಗೇ ಅದಕ್ಕೂ ಬೆಂಗಳೂರಿನ ಹವೆ ತಾಗುತ್ತದೆ. ಏಪ್ರಿಲ್‌ನಲ್ಲಿ ಬೇಗ ಹುಳಿ ಬರುತ್ತದೆ, ಡಿಸೆಂಬರ್ ಚಳಿಯಲ್ಲಿ ನಿಧಾನ. ನಾಲ್ಕು ವರ್ಷದಲ್ಲಿ ಬ್ರೆಡ್ ಕೆಟ್ಟಿದ್ದು ಒಂದೇ ಸಲ, ಅದೂ ಒಂದು ಚಳಿಗಾಲದಲ್ಲಿ, ಒಳಗೆ ಒದ್ದೆ ಒದ್ದೆಯಾಗಿತ್ತು. ಅವತ್ತು ನಾವು ಹೇಳುವ ಮೊದಲೇ ಅವರೇ ಬಂದು ಹೇಳಿ ಬಿಲ್‌ನಿಂದ ತೆಗೆದರು. ಇಂಥದ್ದು ನನಗೆ ತುಂಬಾ ಇಷ್ಟ.

ಬೆಣ್ಣೆ ಹಣ್ಣಿನ ಟೋಸ್ಟ್ ಬಗ್ಗೆ ಒಂದು ಮಾತು. ಮೆನುವಿನಲ್ಲಿ ಅವಕಾಡೊ ಅಂತ ಬರೆದಿದ್ದಾರೆ. ನಾವು ಚಿಕ್ಕಂದಿನಿಂದ ಜ್ಯೂಸ್ ಅಂಗಡಿಯಲ್ಲಿ ಬಟರ್ ಫ್ರೂಟ್ ಜ್ಯೂಸ್ ಅಂತ ಕುಡಿದು ಬೆಳೆದದ್ದು ಇದೇ ಹಣ್ಣು. ಕೊಡಗಿನ ಕಾಫಿ ತೋಟಗಳಲ್ಲಿ ಗಿಡಗಳ ನಡುವೆ ಬೆಳೆಯುತ್ತಾರೆ, ಮಳೆಗಾಲದಲ್ಲಿ ಚೆನ್ನಾಗಿ ಸಿಗುತ್ತದೆ. ಆ ತಿಂಗಳುಗಳಲ್ಲಿ ಇಲ್ಲಿ ಟೋಸ್ಟ್ ಮೇಲೆ ದಪ್ಪಗೆ ಹಾಕಿ, ಮೇಲೆ ನಿಂಬೆ, ಉಪ್ಪು, ಕುಟ್ಟಿದ ಮೆಣಸು ಹಾಕಿ ಕೊಡುತ್ತಾರೆ. ಬೇರೆ ತಿಂಗಳಲ್ಲಿ ಹೊರದೇಶದಿಂದ ಬಂದ ಹಣ್ಣು, ತೆಳ್ಳಗೆ ಸವರಿರುತ್ತಾರೆ, ಬೆಲೆ ಮಾತ್ರ ಅದೇ. 2021ರಲ್ಲಿ 280 ರೂಪಾಯಿ ಇದ್ದದ್ದು ಈಗ 410. ಬೆಲೆ ಏರಿದ್ದಕ್ಕೆ ನಾನು ಜಗಳ ಮಾಡುವುದಿಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲೇ ಲೀಟರಿಗೆ 4 ರೂಪಾಯಿ ಏರಿತು, ಕಾಫಿ ಬೀಜದ ಬೆಲೆ ಎಲ್ಲಿಗೆ ಹೋಗಿದೆ ಅಂತ ಮನೆಗೆ ಪುಡಿ ತರುವವರಿಗೆಲ್ಲ ಗೊತ್ತು. ಆದರೆ ಸೀಸನ್ ಇಲ್ಲದಾಗ ಅದನ್ನು ಮೆನುವಿನಿಂದ ತೆಗೆದುಬಿಟ್ಟರೆ ಒಳ್ಳೆಯದು.

ಕಾಫಿ ಚಿಕ್ಕಮಗಳೂರಿನದು, ಅರೇಬಿಕಾ, ಚಿಕೋರಿ ಇಲ್ಲ. ನನಗೆ ಹಿಡಿಸಿತು. ಅಮ್ಮನಿಗೆ ಹಿಡಿಸಲಿಲ್ಲ, ಅವರಿಗೆ ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್ ಬೇಕು, ಬಿಸಿ ಹಾಲು ಬೇಕು. ಮೊದಲ ಎರಡು ವರ್ಷ ಅಮ್ಮ ಇಲ್ಲಿ ಸುಮ್ನೆ ನಿಂಬೆ ಜ್ಯೂಸ್ ಕುಡಿದು, ಮನೆಗೆ ಬಂದು ಕಾಫಿ ಮಾಡಿಕೊಳ್ಳುತ್ತಿದ್ದರು. 2023ರಲ್ಲಿ ಫಿಲ್ಟರ್ ಕಾಫಿ ಸೇರಿಸಿದರು, 130 ರೂಪಾಯಿ. ದರ್ಶಿನಿಯ ಬೆಲೆ ಜೊತೆ ಹೋಲಿಸಿದರೆ ಜಾಸ್ತಿ, ನಿಜ. ಆದರೆ ಡಿಕಾಕ್ಷನ್ ಅವತ್ತಿನದು, ಹಿಂದಿನ ದಿನದ್ದಲ್ಲ. ಮೊದಲು ಬರೀ ಸ್ಟೀಲ್ ಲೋಟದಲ್ಲಿ ಕೊಟ್ಟರು. ಅಮ್ಮ "ಆರಿಸಿಕೊಳ್ಳೋಕೆ ಒಂದು ಬಟ್ಟಲು ಕೊಡಪ್ಪ" ಅಂದರು. ಮುಂದಿನ ವಾರ ಹೋಗುವಷ್ಟರಲ್ಲಿ ಎಲ್ಲ ಟೇಬಲ್‌ಗೂ ಲೋಟದ ಜೊತೆ ಬಟ್ಟಲು ಬಂದಿತ್ತು.

ಆಗ ಅಲ್ಲಿ ಒಬ್ಬ ಹುಡುಗ ಇದ್ದ. ಒಡಿಶಾದಿಂದ ಬಂದವನು, ಬಂದಾಗ ಒಂದು ಅಕ್ಷರ ಕನ್ನಡ ಬರುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಅಮ್ಮನ ಹತ್ತಿರ ಕನ್ನಡದಲ್ಲೇ ಮಾತಾಡುವಷ್ಟು ಕಲಿತ. "ಅಮ್ಮಾ, ಸಕ್ಕರೆ ಕಡಿಮೆ ತಾನೇ?" ಅಂತ ಅವನೇ ಕೇಳುತ್ತಿದ್ದ. ಅಮ್ಮ ಒಳಗೆ ಬರುತ್ತಿದ್ದ ಹಾಗೇ ಹಿತ್ತಲಿನ ಎರಡು ಮೆಟ್ಟಿಲ ಹತ್ತಿರ ಬಂದು ಕೈ ಕೊಡುತ್ತಿದ್ದ. 2024ರ ಬೇಸಿಗೆಯಲ್ಲಿ ನಗರದಲ್ಲಿ ನೀರಿಗೆ ತುಂಬಾ ತೊಂದರೆಯಾದಾಗ ಇವರು ಅರ್ಧ ಲೋಟ ನೀರು ಕೊಟ್ಟು, ಇನ್ನೂ ಬೇಕಾದರೆ ಹೇಳಿ ಅನ್ನುತ್ತಿದ್ದರು. ಅಮ್ಮನ ಮಾತ್ರೆ ಹೊತ್ತು ಅವನಿಗೆ ಗೊತ್ತಿತ್ತು, ಅವರಿಗೆ ಮಾತ್ರ ಪೂರ್ತಿ ಲೋಟ ತಂದಿಡುತ್ತಿದ್ದ. ಆ ವರ್ಷದ ಕೊನೆಗೆ ಕೆಲಸ ಬಿಟ್ಟು ಹೋದ. ಆಮೇಲೆ ಮೂರು ತಿಂಗಳಿಗೊಮ್ಮೆ ಹೊಸ ಹೊಸ ಮುಖ. ನನ್ನ ಪ್ರಕಾರ ಈ ಕೆಫೆಯಲ್ಲಿ ಆದ ದೊಡ್ಡ ಬದಲಾವಣೆ ಅದೇ. ಅಡುಗೆ ಅಷ್ಟೇನೂ ಬದಲಾಗಿಲ್ಲ.

ಮೊಟ್ಟೆ ತಿನ್ನದವರಿಗೆ ಇದು ಗೊತ್ತಿರಲಿ. ಇಲ್ಲಿ ಮೊಟ್ಟೆ ಹಾಕದ ಪ್ಯಾನ್‌ಕೇಕ್‌ಗೆ ಬೇರೆ ತವಾ ಇದೆ, ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಆದರೂ 2025ರ ಮೊದಲಲ್ಲಿ ಒಂದು ತಪ್ಪಾಯಿತು. ಹೊಸ ಹುಡುಗ ಅಮ್ಮನಿಗೆ ತಂದ ವೆಜ್ ಸ್ಯಾಂಡ್‌ವಿಚ್‌ನಲ್ಲಿ ಮೊಟ್ಟೆ ಹಾಕಿದ ಮೇಯನೇಸ್ ಇತ್ತು. ಅಂಗಡಿಯಲ್ಲಿ ಕೊಳ್ಳುವ ಮೇಯನೇಸ್ ಬಹಳಷ್ಟು ಹಸಿರು ಗುರುತಿನದೇ ಇರುತ್ತದೆ, ಅದಕ್ಕೇ ನಾವೂ ಯೋಚನೆ ಮಾಡಿರಲಿಲ್ಲ. ಇವರು ಕೆಫೆಯಲ್ಲೇ ಮಾಡುತ್ತಾರೆ, ಮೊಟ್ಟೆ ಹಾಕಿ. ಎರಡು ತುತ್ತು ಆದ ಮೇಲೆ ಒಳಗಿನಿಂದ ಅಡುಗೆಯವರೇ ಓಡಿ ಬಂದು "ಅಮ್ಮಾ, ತಿನ್ನಬೇಡಿ" ಅಂದರು. ಅಮ್ಮನಿಗೆ ಕಸಿವಿಸಿಯಾಯಿತು, ಎದ್ದು ಬಾಯಿ ಮುಕ್ಕಳಿಸಿ ಬಂದರು. ಆದರೆ ಅವರು ಮುಚ್ಚಿಡಬಹುದಿತ್ತು, ನಮಗೆ ಯಾವತ್ತೂ ಗೊತ್ತೇ ಆಗುತ್ತಿರಲಿಲ್ಲ. ಮುಚ್ಚಿಡಲಿಲ್ಲ. ಅಮ್ಮ ಅವತ್ತೇ "ಪಾಪ, ನಿಜ ಹೇಳಿದರು, ಮತ್ತೆ ಬರೋಣ" ಅಂದರು. ಈಗ ಮೆನುವಿನಲ್ಲಿ ಮೇಯನೇಸ್ ಇರುವ ಕಡೆಯಲ್ಲೆಲ್ಲ ಮೊಟ್ಟೆ ಇದೆ ಅಂತ ಬರೆದಿದ್ದಾರೆ. ನೀವು ಮಾತ್ರ ಆರ್ಡರ್ ಕೊಡುವಾಗ ಬಾಯಿಬಿಟ್ಟು ಒಂದು ಸಲ ಹೇಳಿ.

ಇನ್ನು ಭಾನುವಾರ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದಲೂ ಜನ ಬರುತ್ತಿದ್ದಾರೆ, ಬೆಳಿಗ್ಗೆ ಹತ್ತೂವರೆಗೇ ಗೇಟಿನ ಹೊರಗೆ ಗುಂಪು. ಕಾಯುವುದು ನಮಗೆ ಹೊಸದಲ್ಲ. ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮುಗಿಸಿ ಎಂ.ಟಿ.ಆರ್. ಮುಂದೆ ನಿಂತವರು ನಾವು, ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಕಾದವರು. ಅಲ್ಲಿ ಎಷ್ಟು ಜನ ಇದ್ದರೂ ತಿಂದಾದ ಮೇಲೆ ನಾವೇ ಏಳುತ್ತೇವೆ, ಕಾಯುವವರ ಮುಖ ಕಾಣುತ್ತಿರುತ್ತದೆ. ಇಲ್ಲಿ ಆದದ್ದು ಬೇರೆ.

ಅಕ್ಟೋಬರ್‌ನ ಒಂದು ಭಾನುವಾರ ಅಮ್ಮ, ನಾನು, ತಮ್ಮ, ತಮ್ಮನ ಹೆಂಡತಿ ಹೋದೆವು. ಹೆಸರು ಬರೆಸಿ 50 ನಿಮಿಷ ಹೊರಗೆ ಕಾದೆವು. ಇದ್ದ ಒಂದು ಬೆಂಚಿನಲ್ಲಿ ಕಾಲೇಜು ಮಕ್ಕಳು ಕೂತಿದ್ದರು, ಪಾಪ ಅವರೇ ಎದ್ದು ಅಮ್ಮನಿಗೆ ಜಾಗ ಕೊಟ್ಟರು. ಕೆಫೆಯವರು ಯಾರೂ ತಿರುಗಿ ನೋಡಲಿಲ್ಲ. ಒಳಗೆ ಕೂತ ಮೇಲೆ ತಿಂಡಿ ಬರುವುದಕ್ಕೇ 40 ನಿಮಿಷ ಆಯಿತು. ಅಮ್ಮ ಕಾಫಿಯನ್ನು ಬಟ್ಟಲಿಗೆ ಸುರಿದು ಆರಿಸಿಕೊಳ್ಳುತ್ತಿದ್ದರು. ಆಗ ಕೇಳದೇ ಬಿಲ್ ತಂದಿಟ್ಟು "ನಿಮ್ಮ 90 ನಿಮಿಷ ಆಗ್ತಾ ಬಂತು" ಅಂದರು. ಹಾಗೊಂದು ನಿಯಮ ಇದೆ ಅಂತ ಹೆಸರು ಬರೆಸುವಾಗ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ತಿಂಡಿ ಕಾದ 40 ನಿಮಿಷವೂ ನಮ್ಮ ಲೆಕ್ಕಕ್ಕೇ. ಅಮ್ಮ ಕಾಫಿ ಅರ್ಧಕ್ಕೇ ಬಿಟ್ಟು, ಟೇಬಲ್ ಹಿಡಿದುಕೊಂಡು ಎದ್ದುಬಿಟ್ಟರು. "ನಡಿಯೇ, ಅವರಿಗೆ ಜಾಗ ಬೇಕಂತೆ" ಅಂದರು. ನಾಲ್ಕು ವರ್ಷ ತಮ್ಮ ಮನೆಯ ಹಾಗೆ ಬಂದು ಕೂತ ಜಾಗದಲ್ಲಿ ಅಮ್ಮ ಹಾಗೆ ಗಡಿಬಿಡಿಯಲ್ಲಿ ಎದ್ದದ್ದು ನನಗೆ ಈಗಲೂ ನೋವು ಕೊಡುತ್ತದೆ.

ಬಿಲ್ ನೋಡಿದೆ. ತಿಂಡಿ ಕಾಫಿ ಸೇರಿ 1,840. ಅದರ ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ 184. ಆ ಎರಡರ ಮೇಲೂ ಸೇರಿಸಿ 5 ಪರ್ಸೆಂಟ್ ಜಿಎಸ್‌ಟಿ, ಒಟ್ಟು 2,125 ರೂಪಾಯಿ 20 ಪೈಸೆ. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 1,932 ಆಗುತ್ತಿತ್ತು. ಜಿಎಸ್‌ಟಿ ಸರ್ಕಾರದ ತೆರಿಗೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ಬಿಲ್‌ನಲ್ಲಿ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅಂದೆ. ಮ್ಯಾನೇಜರ್ ಮೊದಲು "ಎಲ್ಲರಿಗೂ ಬರುತ್ತೆ ಮೇಡಂ" ಅಂದರು, ಎರಡನೇ ಸಲ ಕೇಳಿದಾಗ ಸುಮ್ಮನೆ ತೆಗೆದು ಬೇರೆ ಬಿಲ್ ಕೊಟ್ಟರು. ತಿಂಡಿ ತಂದ ಹುಡುಗನಿಗೆ ನಾನು ಕೈಯಲ್ಲೇ 150 ಕೊಟ್ಟೆ, ಅವನ ತಪ್ಪೇನೂ ಇರಲಿಲ್ಲ. ನಿಮಗೂ ಹೀಗಾಗಿ ತೆಗೆಯಲು ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಮನೆಗೆ ಬಂದು ಎಲ್ಲವನ್ನೂ ಬರೆದು ಮಾಲೀಕರಿಗೆ ಮೇಲ್ ಹಾಕಿದೆ. ಎರಡು ದಿನಕ್ಕೆ ಅವರೇ ಫೋನ್ ಮಾಡಿದರು. ನೆಪ ಹೇಳಲಿಲ್ಲ. ಅಮ್ಮನ ಹತ್ತಿರ ಮಾತಾಡಬೇಕು ಅಂದರು, ಮಾತಾಡಿದರು. ನವೆಂಬರ್‌ನಿಂದ ಗೇಟಿನಲ್ಲೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೋರ್ಡ್ ಇದೆ, ಶನಿವಾರ ಭಾನುವಾರ 90 ನಿಮಿಷ, ಅದೂ ತಿಂಡಿ ಟೇಬಲ್‌ಗೆ ಬಂದ ಮೇಲಿನ ಲೆಕ್ಕ. ವರಾಂಡದಲ್ಲಿ ವಯಸ್ಸಾದವರಿಗೆ ಅಂತ ಎರಡು ಕೈ ಇರುವ ಕುರ್ಚಿ ಹಾಕಿದ್ದಾರೆ. ಕೇಳದೇ ಬಿಲ್ ತರುವುದನ್ನು ನಿಲ್ಲಿಸಿದ್ದಾರೆ. ಸರ್ವಿಸ್ ಚಾರ್ಜ್ ಮಾತ್ರ ಡಿಸೆಂಬರ್‌ನಲ್ಲಿ ಹೋದಾಗಲೂ ಬಿಲ್‌ನಲ್ಲಿತ್ತು. ಕೇಳಿದರೆ ತೆಗೆಯುತ್ತಾರೆ, ಕೇಳದವರು ಕೊಟ್ಟು ಹೋಗುತ್ತಾರೆ. ಇದು ಸರಿಯಲ್ಲ, ಅವರಿಗೂ ಹೇಳಿದ್ದೇನೆ. ಅದಕ್ಕೇ ನಾನು ಕೊಡುವುದು ಐದಕ್ಕೆ ಮೂರೂವರೆ. ಆ ಸಾಲು ಬಿಲ್‌ನಿಂದ ಹೋದ ದಿನ ನಾಲ್ಕೂವರೆ ಮಾಡುತ್ತೇನೆ.

ಪಾರ್ಕಿಂಗ್ ಇಲ್ಲ. ದಯವಿಟ್ಟು ಅಕ್ಕಪಕ್ಕದ ಮನೆಗಳ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಬೇಡಿ. ಎದುರು ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವ ಹಿರಿಯರೊಬ್ಬರಿದ್ದಾರೆ, ಒಂದು ಸಲ ಕಾರಿನ ಮಾಲೀಕರು ಬರುವ ತನಕ ಅವರು ಗೇಟಲ್ಲೇ ನಿಂತಿದ್ದನ್ನು ನೋಡಿದ್ದೇನೆ. ಜಯನಗರ ಮೆಟ್ರೋದಿಂದ ನಡೆದು ಬರಬಹುದು, ದಾರಿಯುದ್ದಕ್ಕೂ ನೆರಳಿದೆ.

ಸೋಮವಾರ ರಜೆ. ಬೇರೆ ದಿನ ಎಂಟೂವರೆಗೆ ತೆರೆಯುತ್ತಾರೆ, ಹತ್ತರೊಳಗೆ ಹೋದರೆ ಸೀಬೆ ಮರದ ಕೆಳಗೆ ಜಾಗ ಸಿಗುತ್ತದೆ. ಮಂಡಿ ನೋವಿರುವವರ ಜೊತೆ ಹೋಗುವುದಾದರೆ ಹಿತ್ತಲಿನ ಮೆಟ್ಟಿಲು ಬೇಡ, ಮುಂದಿನ ಕೋಣೆಯ ಕಿಟಕಿ ಪಕ್ಕದ ಟೇಬಲ್ ಕೇಳಿ. ಅಮ್ಮ ಈಗ ಅಲ್ಲೇ ಕೂರುವುದು.